ಎರಡನೇ ಬುಧವಾರ, ಹತ್ತು ಗಂಟೆ

ನೊರೀನ್ ಟ್ರೆಲೋರ್ ಜಗಳಗಂಟಿಯಲ್ಲ. ಅರವತ್ತಮೂರು ವರ್ಷದ ಬಾಳಿನಲ್ಲಿ ಅವಳಿಗೆ ಬಂದ ಸಿಟ್ಟುಗಳೆಲ್ಲ ಸಂಜೆ ಹಾಲು ಕರೆಯುವ ಹೊತ್ತಿಗೆ ತಣ್ಣಗಾಗುತ್ತಿದ್ದವು. ಸಿಟ್ಟಿನ ಕೈಗೆ ಹಸು ಹಾಲು ಇಳಿಸುವುದಿಲ್ಲ, ಆದ್ದರಿಂದ ತಣ್ಣಗಾಗಲೇಬೇಕಿತ್ತು. ಒಂದೇ ಒಂದು ಸಿಟ್ಟನ್ನು ಮಾತ್ರ ಅವಳು ಒಂಬತ್ತು ತಿಂಗಳು, ಹಸು ಕರು ಹೊರುವಷ್ಟು ಕಾಲ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದಳು. ದಿನ ತುಂಬಿದ ಮೇಲೆ ನಾಲ್ಕು ನೂರು ಜನರ ಎದುರಿಗೆ ಹೊರಹಾಕಿದಳು. ಭೂಮಿಯ ದಕ್ಷಿಣ ತುದಿಯ ಗಿಪ್ಸ್‌ಲ್ಯಾಂಡಿನ ನಮ್ಮ ಊರು ವಾರಿಂಡಾದಲ್ಲಿ ಅವಳ ಬಗ್ಗೆ ಈಗ ಹಗುರವಾಗಿ ಮಾತಾಡುವವರು ಯಾರೂ ಇಲ್ಲ.

ಅವಳು ಹುಟ್ಟಿದ್ದೇ ಹಾಲಿನವರ ಮನೆಯಲ್ಲಿ. ಒಂಬತ್ತನೇ ವಯಸ್ಸಿಗೆ ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೂತವಳು ಮತ್ತೆ ಎದ್ದದ್ದು ಕಡಿಮೆ. ಲೆಸ್ ಟ್ರೆಲೋರನನ್ನು ಮದುವೆಯಾದ ದಿನ ಬೆಳಗ್ಗೆ ಹಾಲು ಕರೆದೇ ಚರ್ಚಿಗೆ ಹೋಗಿದ್ದಳು, ಅವಳ ಉಗುರಿನ ಸಂದಿಯಲ್ಲಿ ಸಗಣಿ ಇತ್ತೆಂದು ಲೆಸ್ ಇವತ್ತಿಗೂ ಹೇಳಿ ನಗುತ್ತಾನೆ. ತಾಯಿಯನ್ನು ಮಣ್ಣು ಮಾಡಿ ಬಂದ ಸಂಜೆಯೂ ಕರಿ ಬಟ್ಟೆಯ ಮೇಲೆ ಏಪ್ರನ್ ಕಟ್ಟಿ ಕೊಟ್ಟಿಗೆಗೆ ನಡೆದಿದ್ದಳು. ಮದುವೆಯಾದ ನಲವತ್ತೊಂದು ವರ್ಷದಲ್ಲಿ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಅವಳಿಗೆ ಬೇರೆ ಆಸ್ತಿಯೂ ಇರಲಿಲ್ಲ, ಬೇರೆ ಬಿರುದೂ ಇರಲಿಲ್ಲ. ಹೊತ್ತು ತಪ್ಪಿಸದ ನೊರೀನ್ ಎನ್ನುವುದೇ ಅವಳ ಹೆಸರು. ಅದರ ಜೊತೆಗೆ ಇನ್ನೊಂದು ಸಣ್ಣ ಅಧಿಕಾರವಿತ್ತು: ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ನಡೆಯುವ ರೈತರ ಯಂತ್ರಮೇಳದಲ್ಲಿ ಚಹಾ ಡೇರೆ ಅವಳದು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಯಾರಿಗೆ ಎಷ್ಟು ಸ್ಕೋನ್ ಬನ್ನು, ಯಾವಾಗ ಚಹಾ ಎಂದು ಅವಳೇ ತೀರ್ಮಾನಿಸುತ್ತಿದ್ದಳು.

ಲೆಸ್‌ನ ಭುಜದ ಕೀಲು ಸವೆದು ಕೈ ಮೇಲೆತ್ತಲಾಗದ ಹಾಗಾದಾಗ ಮನೆಗೆ ಯಂತ್ರ ಬಂತು. ಅರವತ್ತೈದು ಹಸುಗಳಿಗೆ ಒಂದು ಯಂತ್ರ. ಹಸುವಿಗೆ ಮನಸ್ಸಾದಾಗ ತಾನೇ ನಡೆದು ಬಂದು ಕಬ್ಬಿಣದ ಪೆಟ್ಟಿಗೆಯಂಥ ಕಟ್ಟಿನೊಳಗೆ ನಿಲ್ಲುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ಯಂತ್ರದ ತೋಳು ಕೆಳಗಿನಿಂದ ಬಂದು ಕೆಚ್ಚಲು ತೊಳೆದು ಹಾಲು ಹೀರುವ ಬಟ್ಟಲುಗಳನ್ನು ತೊಡಿಸುತ್ತದೆ, ಮುಗಿದ ಮೇಲೆ ಮುಂದಿನ ಬಾಗಿಲು ತೆರೆಯುತ್ತದೆ. ಎಲ್ಲವೂ ಕಂಪ್ಯೂಟರಿನ ಅಪ್ಪಣೆ. ಕಂಪನಿಯ ಪರವಾಗಿ ಅದನ್ನು ಮಾರಿದವನು ಕ್ರೇಗ್ ಡನ್‌ಸ್ಟನ್, ನಲವತ್ತರ ಆಸುಪಾಸಿನ, ಬೂಟಿಗೆ ಎಂದೂ ಕೆಸರು ಹತ್ತದ ಮನುಷ್ಯ. ಇನ್ನು ಮುಂದೆ ಎಲ್ಲಿಗೆ ಬೇಕಾದರೂ ಹೋಗಿಬನ್ನಿ, ಏನಾದರೂ ಹೆಚ್ಚುಕಡಿಮೆಯಾದರೆ ಯಂತ್ರವೇ ನಿಮ್ಮ ಫೋನಿಗೆ ತಿಳಿಸುತ್ತದೆ ಎಂದು ಅವನು ಅವಳ ಅಡುಗೆಮನೆಯಲ್ಲಿ ಕೂತು, ಅವಳ ಲ್ಯಾಮಿಂಗ್ಟನ್ ಕೇಕನ್ನು ಮೂರು ತಿಂದು ಹೇಳಿದ್ದ.

ಎರಡು ವರ್ಷ ಅವಳು ಎಲ್ಲಿಗೂ ಹೋಗಲಿಲ್ಲ. ಹೋದದ್ದು ಆಗಸ್ಟಿನ ಎರಡನೇ ಬುಧವಾರ, ಲೆಸ್‌ನ ಭುಜಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವನನ್ನು ಪೇಟೆಯ ಆಸ್ಪತ್ರೆಗೆ ತೋರಿಸಲು. ಒಂಬತ್ತಕ್ಕೆ ಹೊರಟರು. ಆಸ್ಪತ್ರೆಯಲ್ಲಿ ಅವಳು ಹತ್ತು ಸಲ ಫೋನು ತೆಗೆದು ನೋಡಿದಳು, ಏನೂ ಬಂದಿರಲಿಲ್ಲ. ಮೂರು ಗಂಟೆ ದಾಟಿದ ಮೇಲೆ ಮನೆಗೆ ತಿರುಗಿದಾಗ ಹಸುಗಳೆಲ್ಲ ಕೊಟ್ಟಿಗೆಯ ಬಾಗಿಲಲ್ಲಿ ಗುಂಪುಗಟ್ಟಿ, ಕೆಚ್ಚಲು ಬಿಗಿದು ಕೂಗುತ್ತಿದ್ದವು. ಪೆಟ್ಟಿಗೆಯೊಳಗೆ ಡಚೆಸ್ ಬಿದ್ದಿದ್ದಳು. ಯಂತ್ರದ ಪರದೆಯ ಮೇಲೆ ಹೀಗೆ ಬರೆದಿತ್ತು: ನಿಮ್ಮ ಸುರಕ್ಷತೆಗಾಗಿ ಅಪ್‌ಡೇಟ್ ಆಗುತ್ತಿದೆ, ಯಂತ್ರವನ್ನು ಆರಿಸಬೇಡಿ, ಇಪ್ಪತ್ತೇಳು ಪರ್ಸೆಂಟ್. ಆ ಅಂಕಿ ಅಲ್ಲೇ ಸಿಕ್ಕಿಕೊಂಡಿತ್ತು.

ಡಚೆಸ್ ಹನ್ನೊಂದು ವರ್ಷದ ಹಸು, ಹಿಂಡಿಗೆ ಯಜಮಾನಿ. ಬಟ್ಟಲು ತೊಡಿಸಿಕೊಂಡು ನಿಂತವಳು ಐದು ಗಂಟೆ ಹೊತ್ತು ಹಿಂದೆಯೂ ಹೋಗಲಾರದೆ ಮುಂದೆಯೂ ಹೋಗಲಾರದೆ ಒದ್ದಾಡಿ, ಕಬ್ಬಿಣದ ಸರಳಿಗೆ ಕಾಲು ಸಿಕ್ಕಿ ಸೊಂಟ ಮುರಿದುಕೊಂಡಿದ್ದಳು. ನೊರೀನ್ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದಳು, ಬಾಗಿಲು ತೆರೆಯಿತು. ಅಷ್ಟೇ ಸಾಕಾಗಿತ್ತು. ಪಶುವೈದ್ಯ ಬಂದು ಸೂಜಿ ಚುಚ್ಚುವ ತನಕ ಅವಳು ಸಗಣಿಯಲ್ಲೇ ಕೂತು ಡಚೆಸ್‌ಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಸುದ್ದಿ ಮುಟ್ಟಿಸಬೇಕಾದ ಕಂಪ್ಯೂಟರೇ ಅಪ್‌ಡೇಟಿನಲ್ಲಿ ಮುಳುಗಿದ್ದರಿಂದ ಸುದ್ದಿ ಬಂದಿರಲಿಲ್ಲ. ಕಾವಲುಗಾರನ ಬಾಯಿಗೇ ಬಟ್ಟೆ ತುರುಕಿದ ಮೇಲೆ ಕೂಗುವವರು ಯಾರು?

ಇಷ್ಟಕ್ಕೇ ನಿಂತಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಮೂರು ವಾರಕ್ಕೆ ಕಂಪನಿಯಿಂದ ಕಾಗದ ಬಂತು. ದಾಖಲೆಗಳ ಪ್ರಕಾರ ಯಂತ್ರ ನಿಂತದ್ದು ರಾತ್ರಿ ಎರಡು ಗಂಟೆಗೆ, ಮತ್ತೆ ಚಾಲೂ ಮಾಡಿದ್ದು ಬೆಳಗ್ಗೆ ಏಳು ಹತ್ತಕ್ಕೆ. ಗ್ರಾಹಕರು ನಿದ್ದೆಯಲ್ಲಿದ್ದು ಹಸುವನ್ನು ಗಮನಿಸದಿರುವುದೇ ಸಾವಿಗೆ ಕಾರಣ. ಅವಳು ಆಸ್ಪತ್ರೆಯ ಚೀಟಿ ಕಳಿಸಿದಳು. ಚೀಟಿ ಹಗಲಿನದು, ಘಟನೆ ರಾತ್ರಿಯದು ಎಂದು ಉತ್ತರ ಬಂತು. ಅಂದರೆ ಹಸು ಬಿದ್ದು ನರಳುತ್ತಿರುವುದನ್ನು ಬೆಳಗ್ಗೆ ಏಳಕ್ಕೆ ನೋಡಿಯೂ ಅದನ್ನು ಹಾಗೇ ಬಿಟ್ಟು ಪೇಟೆಗೆ ಹೋದವಳು ಎಂದಾಯಿತು. ಈ ಮಾತನ್ನು ಕಾಗದದಲ್ಲಿ ಬರೆದಿರಲಿಲ್ಲ, ಕ್ರೇಗ್ ಫುಟ್‌ಬಾಲ್ ಕ್ಲಬ್ಬಿನ ಬಾರಿನಲ್ಲಿ ನಿಂತು ಬಾಯಲ್ಲೇ ಹೇಳಿದ. ಅವನಿಗೆ ಮುಂದಿನ ವರ್ಷ ಇನ್ನೂ ಹತ್ತು ಮನೆಗೆ ಯಂತ್ರ ಮಾರಬೇಕಿತ್ತು.

ಊರು ನಂಬಿತು. ಯಂತ್ರಕ್ಕೆ ಸುಳ್ಳು ಹೇಳಿ ಏನು ಲಾಭ, ವಯಸ್ಸಾದ ಹೆಂಗಸಿಗೆ ಮರೆವು ಸಹಜ ಎಂದರು. ಆ ವರ್ಷ ಕ್ಲಬ್ಬಿನ ಕೊನೆಯ ಊಟದಲ್ಲಿ ತಮಾಷೆಯ ಬಹುಮಾನ ಹಂಚುವಾಗ ಅಧ್ಯಕ್ಷ ಗ್ರೇಮ್ ಹ್ಯಾಲಿಹನ್ ಅವಳನ್ನು ವೇದಿಕೆಗೆ ಕರೆದು ಒಂದು ಕೀಲಿಕೊಡುವ ಅಲಾರಾಂ ಗಡಿಯಾರ ಕೊಟ್ಟ. ಎಲ್ಲರೂ ನಕ್ಕರು. ಅವಳೂ ಹಲ್ಲು ಕಿರಿದು ಇಸಿದುಕೊಂಡಳು. ನಮ್ಮ ಕಡೆ ತಮಾಷೆಗೆ ಮುಖ ಸಿಂಡರಿಸಿದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನಿಲ್ಲ. ಮನೆಗೆ ಬಂದು ಗಡಿಯಾರವನ್ನು ಕಿಟಕಿಯ ಮೇಲಿಟ್ಟು ಲೆಸ್‌ಗೆ ಹೇಳಿದಳು: "ಇದೇ ಗಡಿಯಾರ ಅವರ ಕಿವಿಯಲ್ಲಿ ಹೊಡ್ಕೊಳ್ಳೋ ಹಾಗೆ ಮಾಡ್ತೀನಿ. ಮಾಡ್ದೆ ಸಾಯಲ್ಲ ನಾನು."

ಆಗಲೇ ಅವಳಿಗೆ ಗುಟ್ಟು ಅರ್ಧ ಗೊತ್ತಾಗಿತ್ತು. ಬೆಳಗ್ಗೆ ಹತ್ತು ಗಂಟೆ ಎಂದರೆ ನಮ್ಮಲ್ಲಿ ಸ್ಮೋಕೋ. ಕೆಲಸ ಎಂಥದೇ ಇರಲಿ, ಟ್ರ್ಯಾಕ್ಟರು ಸಾಲಿನ ಮಧ್ಯೆ ನಿಂತಿರಲಿ, ಬೇಲಿಯ ತಂತಿ ಅರ್ಧ ಬಿಗಿದಿರಲಿ, ಹತ್ತಕ್ಕೆ ಕೈಬಿಟ್ಟು ಚಹಾಕ್ಕೆ ಕೂರಬೇಕು. ಕೂರದವನನ್ನು ಹೊಸಬ ಎನ್ನುತ್ತಾರೆ, ಇಲ್ಲವೇ ಹುಚ್ಚ ಎನ್ನುತ್ತಾರೆ. ಡಚೆಸ್ ಹೋದ ಮೇಲೆ ನೊರೀನ್‌ಗೆ ಅಡುಗೆಮನೆಯಲ್ಲಿ ಚಹಾ ಸೇರುತ್ತಿರಲಿಲ್ಲ. ಮಗ್ಗು ಹಿಡಿದುಕೊಂಡು ಹೋಗಿ ಯಂತ್ರದ ಎದುರು ಬಕೆಟ್ ಬೋರಲು ಹಾಕಿ ಕೂರುತ್ತಿದ್ದಳು, ವೈರಿಯ ಮುಖ ನೋಡುತ್ತಾ. ಸೆಪ್ಟೆಂಬರಿನ ಎರಡನೇ ಬುಧವಾರ ಸರಿಯಾಗಿ ಹತ್ತಕ್ಕೆ ಪರದೆ ನೀಲಿಯಾಯಿತು. ತೋಳು ಗಾಳಿಯಲ್ಲೇ ನಿಂತಿತು. ಹದಿನೆಂಟು ನಿಮಿಷ ಅಪ್‌ಡೇಟ್ ನಡೆದು ಎಲ್ಲ ಮೊದಲಿನಂತಾಯಿತು. ಪರದೆಯ ಮೂಲೆಯಲ್ಲಿ ಯಂತ್ರ ಬರೆದುಕೊಂಡ ಹೊತ್ತು ರಾತ್ರಿ ಎರಡು ಗಂಟೆ.

ಅವಳು ಮಗ್ಗು ಕೆಳಗಿಟ್ಟು ಗೋಡೆಯ ಗಡಿಯಾರ ನೋಡಿದಳು. ಕಂಪನಿಯ ದೊಡ್ಡ ಕಚೇರಿ ಇರುವುದು ಯುರೋಪಿನಲ್ಲಿ. ಅಲ್ಲಿನ ರಾತ್ರಿ ಎರಡಕ್ಕೆ, ಅವರ ಹಸುಗಳೂ ಅವರ ರೈತರೂ ಮಲಗಿರುವಾಗ, ಯಾರಿಗೂ ತೊಂದರೆಯಾಗಬಾರದೆಂದು ಅವರು ಲೋಕದ ಎಲ್ಲ ಯಂತ್ರಗಳಿಗೂ ಒಟ್ಟಿಗೆ ಅಪ್‌ಡೇಟ್ ಕಳಿಸುತ್ತಿದ್ದರು. ಅವರ ರಾತ್ರಿ ಎರಡು ನಮಗೆ ಬೆಳಗಿನ ಹತ್ತು. ಭೂಮಿ ಗುಂಡಗಿದೆ ಎಂಬುದು ಅಷ್ಟು ಓದಿದವರಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಇತ್ತ ಯಂತ್ರವಿದ್ದ ಹದಿನಾಲ್ಕು ಮನೆಯವರೂ ಆ ಹೊತ್ತಿಗೆ ಸರಿಯಾಗಿ ಚಹಾಕ್ಕೆ ಕೂತಿರುತ್ತಿದ್ದರಿಂದ ಯಂತ್ರ ನಿಂತದ್ದನ್ನು ಒಬ್ಬರೂ ಕಂಡಿರಲಿಲ್ಲ.

ಪರದೆ ಮತ್ತು ಗೋಡೆಯ ಗಡಿಯಾರ ಎರಡೂ ಕಾಣುವಂತೆ ಫೋಟೋ ತೆಗೆದು ಕಂಪನಿಗೆ ಕಳಿಸಿದಳು. ಪ್ರಕರಣ ಮುಗಿದಿದೆ, ನಿಮ್ಮ ಗೋಡೆಯ ಗಡಿಯಾರ ಸರಿಯಿದೆಯೇ ಎಂದು ನೋಡಿಕೊಳ್ಳಿ ಎಂದು ಬರೆದರು. ಆ ದಿನದಿಂದ ಅವಳು ಕೇಳುವುದನ್ನು ಬಿಟ್ಟಳು. ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತಾ ಬಂದಳು. ಬೇಸಿಗೆಗೆಂದು ನಾವು ಗಡಿಯಾರ ಒಂದು ಗಂಟೆ ಮುಂದಿಟ್ಟು, ಚಳಿಗೆಂದು ಅವರು ಒಂದು ಗಂಟೆ ಹಿಂದಿಟ್ಟ ತಿಂಗಳುಗಳಲ್ಲಿ ಅದು ಹನ್ನೊಂದಕ್ಕೆ ಬಂತು, ಹನ್ನೆರಡಕ್ಕೆ ಬಂತು, ಏಪ್ರಿಲಿನಲ್ಲಿ ಮತ್ತೆ ಹತ್ತಕ್ಕೇ ಮರಳಿತು. ಎರಡನೇ ಬುಧವಾರ ಒಮ್ಮೆಯೂ ತಪ್ಪಲಿಲ್ಲ. ಯಂತ್ರಮೇಳ ಮೇ ತಿಂಗಳ ಎರಡನೇ ಬುಧವಾರವೇ ಬೀಳುತ್ತಿತ್ತು.

ಮೇಳದ ಸಮಿತಿಗೂ ಗ್ರೇಮ್ ಹ್ಯಾಲಿಹನ್‌ನೇ ಅಧ್ಯಕ್ಷ. ಕ್ರೇಗ್ ಹೊಸ ಯಂತ್ರವನ್ನು ಲಾರಿಯಲ್ಲಿ ತಂದು, ಜನರ ಎದುರು ನಿಜವಾದ ಹಸುವಿನ ಹಾಲು ಕರೆದು ತೋರಿಸುವೆನೆಂದು ಬರೆದಿದ್ದ. ಅದನ್ನು ಮಧ್ಯಾಹ್ನಕ್ಕಿಡೋಣ ಎಂದರು. ಚಹಾ ಡೇರೆಯ ನೊರೀನ್ ಮೆಲ್ಲಗೆ ಬಾಯಿಬಿಟ್ಟಳು: ಮಧ್ಯಾಹ್ನ ಜನ ಚದುರಿಹೋಗುತ್ತಾರೆ, ಬೆಳಗ್ಗೆ ಒಂಬತ್ತು ಮುಕ್ಕಾಲಿಗೆ ಇಡಿ, ಚಹಾವನ್ನು ಹತ್ತೂವರೆಗೆ ಕೊಡುತ್ತೇನೆ. ಸ್ಮೋಕೋ ಮುಂದಕ್ಕೆ ಹಾಕುವುದೆಂದರೆ ಸಭೆಯಲ್ಲಿ ಗುಸುಗುಸು ಎದ್ದಿತು, ಒಬ್ಬ ಮುದುಕ ಎದ್ದು ಹೊರಗೇ ಹೋದ. ಬೇರೆ ಯಾರೇ ಹೇಳಿದ್ದರೂ ಅಟ್ಟಿಬಿಡುತ್ತಿದ್ದರು. ಆದರೆ ಕೆಟಲ್ ಅವಳ ಕೈಯಲ್ಲಿತ್ತು. ಅದೂ ಅಲ್ಲದೆ, ತೋರಿಸಲು ಹಸು ಬೇಕಲ್ಲ, ನಮ್ಮ ಪರ್ಲ್‌ಳನ್ನು ಕೊಡುತ್ತೇನೆ ಎಂದಳು. ಪರ್ಲ್ ಡಚೆಸ್‌ಳ ಮಗಳು. ನೊರೀನ್ ಎಲ್ಲ ಮರೆತು ದೊಡ್ಡ ಮನಸ್ಸು ಮಾಡಿದಳೆಂದು ಗ್ರೇಮ್ ಅವಳ ಬೆನ್ನು ತಟ್ಟಿದ. ಕ್ರೇಗ್ ಹೂಗುಚ್ಛ ಕಳಿಸಿದ. ಅವಳು ಅದನ್ನು ಪರ್ಲ್‌ಗೇ ತಿನ್ನಿಸಿದಳು.

ಲೆಸ್‌ಗೆ ಮಾತ್ರ ಎಲ್ಲ ಗೊತ್ತಿತ್ತು. ಮೇಳದ ಹಿಂದಿನ ದಿನ ಅವನು ಊಟದ ತಟ್ಟೆ ಸರಿಸಿ ಕೂತ.

"ಕಂಪನಿ ಮಾನ ತೆಗಿ, ಬೇಡ ಅನ್ನಲ್ಲ," ಎಂದ. "ಆದ್ರೆ ಅದು ನಿಲ್ಲುತ್ತೆ ಅಂತ ಗೊತ್ತಿದ್ದೂ ಆ ಹಸೂನ ಒಳಗೆ ಕಳಿಸ್ತೀಯಲ್ಲ. ಅವಳೇನು ಮಾಡಿದ್ಲೇ ನಿಂಗೆ?"

"ನಾನು ಪಕ್ಕದಲ್ಲೇ ಇರ್ತೀನಲ್ಲ. ಬಾಗಿಲ ಬೋಲ್ಟು ಎರಡೇ ಎರಡು, ಸ್ಪಾನರ್ ನನ್ನ ಜೇಬಲ್ಲಿರುತ್ತೆ. ನಿಂತ ತಕ್ಷಣ ಬಿಚ್ತೀನಿ."

"ತಕ್ಷಣ?"

"ತಕ್ಷಣ ಅಂದ್ನಲ್ಲ ಲೆಸ್."

ಮೇಳದ ದಿನ ಬೆಳಗ್ಗೆ ಚಳಿ ಇತ್ತು, ಬಿಸಿಲೂ ಇತ್ತು. ಚಹಾ ಸಿಗದ ನಾಲ್ಕು ನೂರು ಜನ ಬೇರೆ ದಾರಿಯಿಲ್ಲದೆ ಕ್ರೇಗ್‌ನ ಲಾರಿಯ ಮುಂದೆ ಸೇರಿದರು. ಯಂತ್ರದ ಪರದೆ ಹಿಂದಿನವರಿಗೂ ಕಾಣಲೆಂದು ಕ್ರೇಗ್ ಅದನ್ನು ಲಾರಿಯ ಪಕ್ಕೆಯ ಮೇಲೆ ಬಾಗಿಲಷ್ಟು ದೊಡ್ಡದಾಗಿ ಮೂಡಿಸಿದ್ದ. ಮೈಕು ಹಿಡಿದು, ಮನುಷ್ಯರಿಗೆ ಮರೆವಿದೆ ನಿದ್ದೆಯಿದೆ, ಇದಕ್ಕೆ ಎರಡೂ ಇಲ್ಲ ಎಂದು ಶುರುಮಾಡಿದ. ಕೆಲವರು ನೊರೀನ್‌ಳತ್ತ ತಿರುಗಿ ನೋಡಿ ಮೀಸೆಯಲ್ಲೇ ನಕ್ಕರು. ಅವಳು ಏಪ್ರನ್ ಕಟ್ಟಿ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಅಲಾರಾಂ ಗಡಿಯಾರ ಹಿಡಿದು ಬಂದು ಯಂತ್ರದ ಪಕ್ಕ ನಿಂತಳು. ಗಡಿಯಾರವನ್ನು ಕಬ್ಬಿಣದ ಸರಳಿನ ಮೇಲಿಟ್ಟಳು. ಗ್ರೇಮ್ ಅದನ್ನು ಗುರುತಿಸಿ ಕಣ್ಣು ಮಿಟುಕಿಸಿದ. ಪರ್ಲ್ ಒಳಗೆ ನಡೆದಳು, ಬಾಗಿಲು ಮುಚ್ಚಿತು, ತೋಳು ಬಂದು ನಾಲ್ಕೂ ಬಟ್ಟಲು ತೊಡಿಸಿತು. ಜನ ಚಪ್ಪಾಳೆ ತಟ್ಟಿದರು.

ಹತ್ತಕ್ಕೆ ಸರಿಯಾಗಿ ಅಲಾರಾಂ ಹೊಡೆದುಕೊಂಡಿತು. ಅದು ನಿಲ್ಲುವ ಮೊದಲೇ ಪರದೆ ನೀಲಿಯಾಯಿತು. ನಿಮ್ಮ ಸುರಕ್ಷತೆಗಾಗಿ ಅಪ್‌ಡೇಟ್ ಆಗುತ್ತಿದೆ, ಯಂತ್ರವನ್ನು ಆರಿಸಬೇಡಿ. ಹಾಲಿನ ಸದ್ದು ನಿಂತಿತು.

ಕ್ರೇಗ್ ನಗುತ್ತಾ ಒಂದು ಗುಂಡಿ ಒತ್ತಿದ. ಇನ್ನೊಂದು ಒತ್ತಿದ, ಜನರೆದುರು ಯಂತ್ರವನ್ನೇ ಆರಿಸಲು ಮನಸ್ಸು ಬರಲಿಲ್ಲ. ನಗು ಮುಖದ ಮೇಲೆ ಹಾಗೇ ಒಣಗತೊಡಗಿತು. ಎರಡು ಪರ್ಸೆಂಟ್. ಐದು. ಹಿಂದಿನಿಂದ ಯಾರೋ, ಇಷ್ಟರಲ್ಲಿ ಚಹಾನಾದ್ರೂ ಕುಡೀಬಹುದಿತ್ತು ಎಂದು ಕೂಗಿದರು. ಒಳಗೆ ಪರ್ಲ್ ಕಾಲು ಬದಲಿಸಿ ಹಿಂದಕ್ಕೆ ಸರಿದಳು, ಸರಳು ತಾಗಿತು. ನೊರೀನ್ ಕ್ರೇಗ್‌ನ ಕೈಯಿಂದ ಮೈಕು ತೆಗೆದುಕೊಂಡಳು. ಕಿತ್ತುಕೊಳ್ಳಬೇಕಾಗಲಿಲ್ಲ, ಅವನ ಬೆರಳು ಸಡಿಲವಾಗಿತ್ತು.

"ಕ್ರೇಗ್, ಈಗ ಗಂಟೆ ಎಷ್ಟಪ್ಪ?"

"ಒಂದು ನಿಮಿಷ ನೊರೀನ್, ಇದು ಈಗ ಸರಿಹೋಗುತ್ತೆ..."

"ಗಂಟೆ ಕೇಳಿದೆ."

"ಹತ್ತು... ಹತ್ತು ನಾಲ್ಕು."

"ನಿನ್ನ ಯಂತ್ರ ಎಷ್ಟು ಅಂತಿದೆ? ಅಲ್ಲಿ ಮೂಲೆಲಿದೆ ನೋಡು. ಜೋರಾಗಿ ಓದು, ಹಿಂದಿನೋರಿಗೂ ಕೇಳ್ಲಿ."

ಕ್ರೇಗ್ ಮತ್ತೆ ಗುಂಡಿಗೆ ಕೈಹಾಕಿದ. ಅವನು ಓದಬೇಕಾಗಿಯೂ ಇರಲಿಲ್ಲ, ನಾಲ್ಕು ನೂರು ಜನ ತಾವೇ ಓದಿಕೊಂಡರು. ರಾತ್ರಿ ಎರಡು ಗಂಟೆ ನಾಲ್ಕು ನಿಮಿಷ.

"ರಾತ್ರಿ ಎರಡು ಗಂಟೆಯಂತೆ," ಎಂದಳು ನೊರೀನ್. "ಇಲ್ಲಿರೋರೆಲ್ಲ ಈಗ ಮಲಗಿದ್ದೀರಾ? ಗ್ರೇಮ್, ನೀನು ನಿದ್ದೆಲಿದ್ದೀಯಾ?"

ಗ್ರೇಮ್ ನೆಲ ನೋಡಿದ. ಒಬ್ಬರೂ ನಗಲಿಲ್ಲ. ಯಂತ್ರ ಇಟ್ಟುಕೊಂಡಿದ್ದ ಉಳಿದ ಹದಿಮೂರು ಮನೆಯವರ ಮುಖ ಒಂದೊಂದಾಗಿ ಬದಲಾಗುವುದನ್ನು ಅವಳು ನಿಂತು ನೋಡಿದಳು. ಒಂಬತ್ತು ತಿಂಗಳಿನಿಂದ ಹಸಿದವಳಿಗೆ ಹೊಟ್ಟೆ ತುಂಬುವ ಊಟ ಅದು. ಅಲ್ಲಿಗೆ ಸಾಕಾಗಿತ್ತು, ಸ್ಪಾನರ್ ತೆಗೆಯಬೇಕಿತ್ತು. ಪರ್ಲ್ ಈಗ ಕೂಗತೊಡಗಿದ್ದಳು, ತಾಯಿಯದೇ ದನಿ. ನೊರೀನ್‌ಳ ಬಲಗೈ ಜೇಬಿಗೆ ಹೋಯಿತು, ಆದರೆ ಹೊರಬಂದದ್ದು ಕಂಪನಿಯ ಕಾಗದ.

"ಇದನ್ನ ಓದು," ಎಂದು ಕ್ರೇಗ್‌ನ ಎದೆಗೆ ಒತ್ತಿದಳು. "ಗೀಟು ಹಾಕಿದೀನಲ್ಲ, ಆ ಸಾಲು. ಆಮೇಲೆ ಅದು ಸುಳ್ಳು ಅಂತ ಹೇಳು."

"ನೊರೀನ್, ಮೊದ್ಲು ಹಸು..."

"ಮೊದ್ಲು ಓದು. ಹಸು ನಂದು."

ಅವನು ಓದಿದ. ಗ್ರಾಹಕರು ನಿದ್ದೆಯಲ್ಲಿದ್ದು ಎಂಬಲ್ಲಿ ಪದ ನುಂಗಿದ, ಅವಳು ಮತ್ತೆ ಮೊದಲಿನಿಂದ ಓದಿಸಿದಳು. ಪರ್ಲ್ ಸರಳಿಗೆ ಒದೆಯುತ್ತಿದ್ದ ಸದ್ದು ಮೈಕಿನಲ್ಲಿ ಕೇಳುತ್ತಿತ್ತು. ಜನರ ಮಧ್ಯದಿಂದ ಲೆಸ್ ಒಮ್ಮೆ ಅವಳ ಹೆಸರು ಹಿಡಿದು ಕರೆದ. ಅವಳು ತಿರುಗಲಿಲ್ಲ. ಕೊನೆಗೆ ಕ್ರೇಗ್ ಹೇಳಿದ, ಅದು ಸುಳ್ಳು, ಅವತ್ತು ಯಂತ್ರ ನಿಂತದ್ದು ಹಗಲು ಹತ್ತಕ್ಕೆ, ನೊರೀನ್ ಮಲಗಿರಲಿಲ್ಲ, ತಪ್ಪು ನಮ್ಮದು. ಓದಿಸಿ ಅಷ್ಟು ಹೇಳಿಸುವಷ್ಟರಲ್ಲಿ ಎರಡು ನಿಮಿಷ ಕಳೆದಿತ್ತು. ಅಷ್ಟಾದ ಮೇಲೆ ಅವಳು ಸ್ಪಾನರ್ ತೆಗೆದು ಎರಡು ಬೋಲ್ಟು ಬಿಚ್ಚಿದಳು. ಬಾಗಿಲು ಕಳಚಿ ಬಿತ್ತು.

ಪರ್ಲ್ ಬಟ್ಟಲುಗಳನ್ನು ಕಿತ್ತೆಳೆದುಕೊಂಡು ಹೊರಗೆ ನುಗ್ಗಿದಳು. ಮೊಣಕಾಲಿನ ಮೇಲೆ ಚರ್ಮ ಸುಲಿದು ರಕ್ತ ಬರುತ್ತಿತ್ತು, ಮೂಳೆಗೇನೂ ಆಗಿರಲಿಲ್ಲ. ನೊರೀನ್ ಬಕೆಟ್ ಕೆಳಗಿಟ್ಟು, ಉಳಿದ ಹಾಲನ್ನು ಕೈಯಲ್ಲೇ ಕರೆದು ಊರಿಗೆ ತೋರಿಸಬೇಕೆಂದು ಬಗ್ಗಿದಳು. ಆ ದೃಶ್ಯವನ್ನು ಅವಳು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಆಡಿಸಿಕೊಂಡಿದ್ದಳು. ಪರ್ಲ್ ಅವಳ ಕೈ ಸೋಕಿದ ಕೂಡಲೇ ಒದ್ದಳು. ಬಕೆಟ್ ಉರುಳಿ ಹೋಯಿತು. ಹಸು ನೇರ ಲೆಸ್ ಇದ್ದಲ್ಲಿಗೆ ಹೋಗಿ ಅವನ ಕೋಟಿಗೆ ಮೂತಿ ತೂರಿಸಿ ನಿಂತಿತು. ಲೆಸ್ ಹೆಂಡತಿಯನ್ನು ನೋಡಿದ, ಆಮೇಲೆ ಬಗ್ಗಿ ಹಸುವಿನ ಮೊಣಕಾಲು ಒರೆಸತೊಡಗಿದ. ನೊರೀನ್ ಅಲಾರಾಂ ಗಡಿಯಾರವನ್ನು ಗ್ರೇಮ್‌ನ ಕೈಯಲ್ಲಿಟ್ಟು ಚಹಾ ಡೇರೆಗೆ ನಡೆದಳು. ಹತ್ತೂವರೆಗೆ ಸರಿಯಾಗಿ ಚಹಾ ಕೊಟ್ಟಳು. ಜನ ಸಾಲಿನಲ್ಲಿ ಬಂದು ಟೋಪಿ ತೆಗೆದು ಕಪ್ಪು ಇಸಿದುಕೊಂಡರು.

ಕಂಪನಿಯ ಕ್ಷಮಾಪಣೆಯ ಕಾಗದ ಜೂನಿನಲ್ಲಿ ಬಂತು. ಈಗ ನಮ್ಮ ಕಡೆ ಅಪ್‌ಡೇಟು ನಮ್ಮ ರಾತ್ರಿಗೇ ಬರುತ್ತದೆ, ಬಾಗಿಲಿಗೆ ಕೈಯಿಂದ ತೆರೆಯುವ ಹಿಡಿಕೆ ಕೂರಿಸಿದ್ದಾರೆ. ಕ್ರೇಗ್ ಬೇರೆ ಜಿಲ್ಲೆಗೆ ಹೋದ. ಅವನ ಬಗ್ಗೆ ನೊರೀನ್‌ಗೆ ಎಳ್ಳಷ್ಟೂ ಮರುಕವಿಲ್ಲ, ಇನ್ನೊಮ್ಮೆ ಸಿಕ್ಕರೆ ಇನ್ನೊಮ್ಮೆ ಓದಿಸುತ್ತೇನೆ ಎನ್ನುತ್ತಾಳೆ. ಆದರೆ ಹತ್ತು ಗಂಟೆಗೆ ಮಗ್ಗು ಹಿಡಿದು ಕೊಟ್ಟಿಗೆಗೆ ಹೋಗುವುದನ್ನು ಅವಳು ಬಿಟ್ಟಿಲ್ಲ. ಉಳಿದ ಹಸುಗಳು ಬಂದು ಅವಳ ತೋಳು ನೆಕ್ಕುತ್ತವೆ. ಪರ್ಲ್ ಮಾತ್ರ ಅವಳನ್ನು ಕಂಡರೆ ತಲೆ ತಿರುಗಿಸಿ ಗೋಡೆಯ ಕಡೆ ನಿಲ್ಲುತ್ತಾಳೆ.

"ಎರಡು ನಿಮಿಷ ಕಣೇ," ಎಂದು ನೊರೀನ್ ದಿನವೂ ಅವಳಿಗೆ ಹೇಳುತ್ತಾಳೆ. "ಎರಡೇ ನಿಮಿಷ." ಆಮೇಲೆ ಚಹಾ ಆರುವ ತನಕ ಅಲ್ಲೇ ಬಕೆಟ್ಟಿನ ಮೇಲೆ ಕೂತಿದ್ದು ಎದ್ದು ಬರುತ್ತಾಳೆ.